ಗಂಡಗ ‘ಹೋಗು’ ಅನ್ನೂದ್ ಹ್ಯಾಂಗ?

ಹಂಗಲ್ಲೋ ಅದು, ಆ ಮೊಬೈಲ್ ಜರಾ ಕೆಳಗಿಡು, ಹೇಳ್ತೀನಿ. ಅದರಾಗ ಸ್ಟೇಡಿಯಂದಾಗ ಲೈಟ್ ಹಚ್ಚಿ, ಹೊರದೇಶದ ಮೋಟರ್‌ಸೈಕಲ್ ಗಾಡಿ ಮ್ಯಾಲ ಹಾರ್ತಾರಲ್ಲ, ಅದು ಈಗಿನದು. ನಮ್ಮ ಕಾಲಕ್ಕ ನ್ಯಾಷನಲ್ ರೇಸ್ ಅಂದ್ರ ಒಂದ್ ರೌಂಡ್ ಈ ಊರಾಗ, ಇನ್ನೊಂದ್ ರೌಂಡ್ ಮತ್ತೊಂದೂರಾಗ, ಹಂಗ ತಿರಗ್ತಿತ್ತು. ಬಂಜರ ಭೂಮಿ ಸಿಕ್ಕರ ಸಾಕು, ಟ್ರ್ಯಾಕ್ಟರ್‌ಲೇ ಮಣ್ಣು ಒಟ್ಟಿ ದಿಬ್ಬ ಮಾಡೂದು, ಸುತ್ತ ಹಗ್ಗ ಕಟ್ಟೂದು, ಆತು ಮೈದಾನ. ಮೊದಮೊದಲ ದಿನಾ ಓಡಸೂ ಗಾಡೀದ್ದೇ ಲೈಟು, ಮಡ್‌ಗಾರ್ಡ್ ಬಿಚ್ಚಿ ಓಡಸ್ತಿದ್ರು. ಆಮ್ಯಾಲ ಕಂಪನಿ ಟೀಮ್ ಬಂದ್ವು, ಅವರಿಗೆ ಡ್ರೆಸ್ಸೇನು, ಛತ್ರಿ ಹಿಡ್ಯಾವರೇನು! ನಿಮ್ಮ ಮುತ್ಯಾಗ ಟೀಮೂ ಇಲ್ಲ, ಛತ್ರೀನೂ ಇಲ್ಲ, ಹಠ ಒಂದಿತ್ತು. ನಗ್ತಾರ ನೋಡ್ರಿ ಅಲ್ಲಿ ಕುಂತು.

ಆ ವರ್ಷ ನಮ್ಮ ಮಾವನವರು, ಅಂದ್ರ ಮುತ್ಯಾನ ಅಪ್ಪ, ಖಡಕ್ಕಾಗಿ ಹೇಳಿಬಿಟ್ಟಿದ್ರು. “ತಾಂಡೂರು ರೌಂಡ್ ಒಂದು ನೋಡ್ತೀನಿ. ಫೈನಲ್‌ಗೆ ಆರಿಸಿ ಬಂದ್ರ ಓಡಸು. ಇಲ್ಲಂದ್ರ ಗಾಡಿ ಬಿಟ್ಟು ಝಹೀರಾಬಾದ್‌ನ ಬೀಜದ ಅಂಗಡ್ಯಾಗ ಬಂದು ಕೂಡು.” ಇವರಿಗೆ ಅಂಗಡಿ ಅಂದ್ರ ಜೈಲು. ನನ್ನ ಲಗ್ನ ಆಗಿ ವರ್ಷಾನೂ ಆಗಿದ್ದಿಲ್ಲ, ಊಟಕ್ಕ ಕುಂತರೂ ಗೋಡಿ ನೋಡಕೋತ ರೊಟ್ಟಿ ಮುರೀತಿದ್ರು.

ತಾಂಡೂರಿನ ಆ ಮೈದಾನ ಕಲ್ಲಿನ ಗಣೀ ಹಿಂದ ಇತ್ತು. ಧೂಳು ಅಂದ್ರ ಅಂಥಿಂಥ ಧೂಳಲ್ಲ, ಕಲ್ಲಿನ ಹಿಟ್ಟು. ನಡುವ ಒಂದು ದೊಡ್ಡ ದಿಬ್ಬ, ಈ ಕಡೀಂದ ಏರಿ ಹಾರಿದ್ರ ಆ ಕಡೀ ಏನದ ಅಂತ ಕಾಣಂಗಿಲ್ಲ. ಅಲ್ಲಿ ಯಾರರ ಬಿದ್ದಿದ್ರ ಅವರ ಮ್ಯಾಲೇ ಹೋಗಿ ಬೀಳೂದು. ಹಿಂದಿನ ದಿನ ಪ್ರ್ಯಾಕ್ಟೀಸ್‌ನಾಗ ಒಬ್ಬಾತಂದು ಹಂಗೇ ಕಾಲು ಮುರದಿತ್ತು. ಯಾರರ ಬಿದ್ರ ಬೀಸಾಕ ಪೀಳೀ ಝಂಡಾ, ಅಂದ್ರ ಹಳದಿ ಬಾವುಟ, ಹಿಡ್ದು ಒಬ್ಬಾಂವ ನಿಂತಿದ್ದ ಖರೇ, ಆದ್ರ ಆ ಧೂಳಾಗ ಝಂಡಾ ಯಾರಿಗ್ ಕಾಣಬೇಕು? ಅದಕ್ಕ ಇವರು ನನಗ, “ನೀ ದಿಬ್ಬದ ಬಾಜೂಕ ನಿಂದರು, ಆ ಕಡೀ ನೋಡಿ ಕೂಗಿ ಹೇಳು, ನಾ ನಿನ್ನ ಮಾತಿನ ಮ್ಯಾಲ ಹಾರ್ತೀನಿ” ಅಂದ್ರು.

ದಿನಕ್ಕ ಎರಡು ರೇಸ್. ಮೊದಲನೇದ್ರಾಗ ಮುಂದಿನವರ ಸಾಲ್ನ್ಯಾಗೇ ಬಂದ್ರು. ದಿಬ್ಬದ ಹಂತ್ಯಾಕ ಬಂದು ಗಾಡೀ ಸದ್ದು ಇಳಿಸಿ ನನ್ನ ಕಡೀ ನೋಡಿದ್ರು. ಆ ಕಡೀ ಖಾಲಿ ಇತ್ತು. ಹೋಗು ಅನ್ನಬೇಕು. ಆದ್ರ ಗಂಡಗ ‘ಹೋಗು’ ಅನ್ನೂದ್ ಹ್ಯಾಂಗ? ಬಾಗಿಲದಾಗಿಂದ ಯಾರರ ಹೊರಗ ಹೊಂಟ್ರ ‘ಹೋಗಿ ಬರ್ರಿ’ ಅಂತೀವಿ, ಬರೇ ಹೋಗು ಅನ್ನೂದು ಅಪಶಕುನ, ಅದೂ ಅಂಥಾ ಜಾಗಾದಾಗ! ‘ಹೋಗಿ ಬರ್ರಿ’ ಅನ್ನೂದ್ರಾಗ ಗಾಡಿ ದಾಟಿಹೋಗ್ತದ. ಗಾಬರ್ಯಾಗ “ಆಗಲೀ!” ಅಂತ ಚೀರಿದೆ. ಆಗಲಿ, ನಡೀಲಿ ಅಂತ. ಈ ಪುಣ್ಯಾತ್ಮ ಸಣ್ಣವರಿದ್ದಾಗಿಂದ ತಾಂಡೂರಾಗ ಸೋದರಮಾವನ ಮನ್ಯಾಗ ಇದ್ದು ತೆಲುಗು ಸಾಲಿ ಕಲ್ತವರು, ಕಿವ್ಯಾಗೆಲ್ಲಾ ತೆಲುಗು. ತೆಲುಗಿನ್ಯಾಗ ‘ಆಗಾಲಿ’ ಅಂದ್ರ ನಿಲ್ಲಬೇಕು ಅಂತ. ಕರ್ರ್ ಅಂತ ಬ್ರೇಕ್ ಹಾಕಿ ನಿಂತೇಬಿಟ್ರು! ಬಾಜೂಲಿಂದ ಎಲ್ಲಾರೂ ಭರ್ರ್ ಭರ್ರ್ ಅಂತ ಹಾರಿ ಹೋದ್ರು.

ರೇಸ್ ಮುಗದ ಮ್ಯಾಲ ಬಂದವರೇ ಹೆಲ್ಮೆಟ್ ನೆಲಕ್ಕ ಒಗದ್ರು. “ಯಾಕ ನಿಲ್ಲಂದಿ?” “ನಾ ಎಲ್ಲಿ ನಿಲ್ಲಂದೆ? ಆಗಲಿ ಅಂದೆ!” “ಹೋಗು ಅನ್ನಾಕ ಏನ್ ಬ್ಯಾನಿ ನಿನಗ?” “ಅನ್ನಂಗಿಲ್ಲ. ನನ್ನ ಬಾಯಾಗ ಬರಂಗಿಲ್ಲ. ಏನ್ ಮಾಡ್ತೀರಿ ಮಾಡ್ರಿ.” ಮಂದಿ ಎಲ್ಲಾ ನಿಂತು ನೋಡ್ಲಿಕತ್ತಿದ್ರು. ಎರಡನೇದ್ರಾಗ ಮೊದಲ ನಂಬರ್ ಬಂದ್ರ ಫೈನಲ್, ಇಲ್ಲಂದ್ರ ಅಂಗಡಿ. ಇವರು ನನ್ನ ಮಾರಿ ಸೈತ ನೋಡಲಾರದೇ ಗಾಡಿ ಹತ್ತಿದ್ರು. ನನಗ ಅಳು ಬಂತು, ಸಿಟ್ಟೂ ಬಂತು. ಅಳಕೋತ ನಿಂತಾಗೇ ತಲ್ಯಾಗ ಹೊಳೀತು. ಸೆರಗು ಟೊಂಕಕ್ಕ ಕಟ್ಟಿ, ಹಗ್ಗದ ಬುಡಕ ನುಗ್ಗಿ, ದಿಬ್ಬದ ಆ ಕಡೀಗೆ ಹೋಗಿ ನಿಂತೆ, ಗಾಡಿ ಇಳೀತಾವಲ್ಲ, ಆ ಕಡೀ ಅಂಚಿಗೆ. ಝಂಡಾದಾಂವ, “ಅರೇ ಅಮ್ಮಾ, ಹಟೋ! ಮರೋಗೆ ಕ್ಯಾ?” ಸರಿ, ಸಾಯ್ತೀಯೇನು ಅಂತ ಬಾಯಿ ಬಾಯಿ ಬಡ್ಕೊಂಡ. ನಾ ಎಲ್ಲಿ ಹಟ್ತೀನಿ?

ಕಡೇ ಸುತ್ತು. ಅಲ್ಲೀತನಕ ಇವರು ಎರಡನೇದವರಾಗಿ, ಮುಂದಿನವನ ಬೆನ್ನಿಗೇ ಹಾರ್ಕೋತ ಬಂದಿದ್ರು. ಮುಂದಿದ್ದ ಹುಡುಗ ಹಾರಿದ, ಇಳಿಯೂದ್ರಾಗ ಜಾರಿ ಧಪ್ ಅಂತ ಬಿದ್ದ, ಎಡಗಡೀ ಆತ, ಆತನ ಮ್ಯಾಲ ಗಾಡಿ. ಧೂಳು ಎದ್ದು ಏನೂ ಕಾಣವಲ್ದು. ಆ ಕಡೀ ಇವರ ಗಾಡೀ ಸದ್ದು ಕೇಳ್ತದ, ಹತ್ತಿರ ಬರ್ಲಿಕತ್ತದ. ನಾ ಸುಮ್ಮನಿದ್ರ ನಿಲ್ತಾರ, ಎಲ್ಲಾ ಮುಗೀತದ. ತಪ್ಪು ಹೇಳಿದ್ರ ಎರಡು ಹೆಣ. ಶಿವನೇ ಅಂದು, ಬಲಗಡೀ ಓಡಿ, ಗಂಟಲು ಹರಿಯೂ ಹಂಗ ಕೂಗಿದೆ: “ಬರ್ರೀ! ಈ ಕಡೀ ಬರ್ರೀ! ನನ್ನ ಕಡೀ ಬರ್ರೀ!” ಸದ್ದು ಒಮ್ಮೆ ಇಳೀತು. ನನ್ನ ಜೀವಾನೇ ಇಳೀತು. ಆಮ್ಯಾಲ ಸಿಡದಂಗ ಏರ್ತು ನೋಡ್ರಿ, ಗಾಡಿ ಧೂಳಾಗಿಂದ ಬಂದು ನನ್ನ ಬಾಜೂಕ, ಇಷ್ಟೇ, ಇಲ್ಲಿಂದ ಈ ಕಂಬದಷ್ಟು ದೂರ ಇಳದು ಹೋತು. ನಾ ಅಲ್ಲೇ ಕುಂತೆ. ಬಿದ್ದ ಹುಡುಗನ್ನ ಎತ್ಕೊಂಡು ಹೋದ್ರು, ಗಟ್ಟಿ ಇದ್ದ, ಬದುಕಿದ. ಇವರದು ಮೊದಲ ನಂಬರ್. ಫೈನಲ್‌ದಾಗ ಏನೂ ಬರಲಿಲ್ಲ ಬಿಡ್ರಿ, ಮಣ್ಣು ತಿಂದು ಬಂದ್ರು, ಅದು ಬ್ಯಾರೇ ಮಾತು. ಆದ್ರ ಅವತ್ತು ಗಾಡಿ ನಿಲ್ಲಿಸಿ ಬಂದವರು ನನ್ನ ಮುಂದ ಕುಕ್ಕರಗಾಲ್ಲೇ ಕುಂತು ಏನಂದ್ರು ಗೊತ್ತೇನು? “ಏನೂ ಕಾಣ್ಲಿಲ್ಲ ನನಗ. ನೀ ಅಲ್ಲಿದ್ದಿ ಅಂದ್ರ ಅಲ್ಲಿ ಜಾಗಾ ಇರ್ತದ ಅಂತ ಹಾರಿದೆ.”

ಅದಕ್ಕೇ ಹೇಳ್ತೀನಿ, ಯಾರಿಗರ ಅಂಜಿಕಿ ಬಂದಾಗ ಹಿಂದ ನಿಂತು ನೂಕಬ್ಯಾಡ್ರಿ. ಮುಂದ ಹೋಗಿ ನಿಂತು ಕರೀರಿ.