ಎಡಕ್ಕೆ ಹೋಗುವ ಗುಂಡು

ಔಷಧಿ ಅಂಗಡಿಯ ಸರದಿ ಸಾಲು ಕದಲುತ್ತಲೇ ಇರಲಿಲ್ಲ. ಉರಿಯುವ ಕಣ್ಣು ಉಜ್ಜಿಕೊಳ್ಳುತ್ತಾ ವೆಲ್ಡರ್ ತನ್ನ ಮುಂದಿದ್ದ ಇಬ್ಬರು ಪೊಲೀಸರ ಮಾತಿಗೆ ಕಿವಿಗೊಟ್ಟ. ನಾಳೆ ಗುಂಡು ಹೊಡೆಯುವ ಪರೀಕ್ಷೆಯಂತೆ. ಗುರಿ ತಪ್ಪಿದರೆ ಇಬ್ಬರಲ್ಲಿ ಹಿರಿಯನಿಗೆ ಬಡ್ತಿ ಇಲ್ಲವಂತೆ.

“ನಂದು ಎಲ್ಲಾ ಗುಂಡೂ ಎಡಕ್ಕೇ ಹೋಗ್ತಿದೆ ಕಣೋ.”

“ಹೋಗದೆ ಇನ್ನೇನು ಅಣ್ಣಾ? ಬಂದೂಕಿನ ನಳಿಗೆ ತುದೀಲಿ ಗುರಿ ನೋಡೋ ಮುಳ್ಳನ್ನ ನಮ್ಮ ಸಾಹೇಬ್ರ ಕೈಗೆ ತಕ್ಕ ಹಾಗೆ ಕೂರಿಸಿದ್ದಾರಲ್ಲ.”

“ಅವರ ಕೈಗೇನಾಗಿದೆ?”

“ಟ್ರಿಗರ್ ಎಳೆಯುವಾಗ ಬಲಕ್ಕೆ ಜಗ್ಗುತ್ತೆ. ಅದಕ್ಕೇ ಬಂದೂಕು ಎಡಕ್ಕೆ ಹೊಡೆಯೋ ಹಾಗೆ ಮಾಡಿದ್ರು. ಶೂಟಿಂಗ್ ಪಂದ್ಯದ ಕಪ್ ಗೆದ್ದಿದ್ದೂ ಹಾಗೇ.”

“ಅದು ಅವರ ಬಂದೂಕು. ನಂದ್ಯಾಕೆ ಹಾಳಾಯ್ತು?”

“ಗೆದ್ದ ಬಂದೂಕಿನ ಹಾಗೇ ಎಲ್ಲಾ ಬಂದೂಕೂ ಇರ್ಲಿ ಅಂತ ಹುಕುಂ ಬಂತಲ್ಲ! ಯಾರೂ ಮುಟ್ಟಬಾರ್ದು ಅಂತ ಮುಳ್ಳಿಗೆ ಕೆಂಪು ಬಣ್ಣ ಬೇರೆ ಬಳಿದಿದ್ದಾರೆ.”

“ಸಾಹೇಬ್ರ ಹತ್ರಾನೇ ಹೋಗಿ, ‘ಜಗ್ಗೋದು ನಿಮ್ಮ ಕೈ’ ಅಂತ ಹೇಳಿಬಿಡ್ಲಾ?”

“ಹೇಳಿ. ಬಡ್ತಿ ಹಾಗಿರ್ಲಿ, ತೋಳಿನ ಮೇಲಿರೋ ಪಟ್ಟೀನೂ ಕಿತ್ಕೊಳ್ತಾರೆ.”

“ಮತ್ತೆ ನಾನೇನು ಸಾಯ್ಲಾ?”

“ನೀವೂ ಜಗ್ಗಿ.”

ಔಷಧಿ ಕೈಗೆ ಬಂತು, ಇಬ್ಬರೂ ಹೊರಟರು. ಬೀದಿಗುಂಟ ಹಿರಿಯ ಬೆರಳು ಮಡಚಿ ಗಾಳಿಯಲ್ಲೇ ಕೈಯನ್ನು ಬಲಕ್ಕೆ ಜಗ್ಗುತ್ತಾ ನಡೆದ.

“ಇನ್ನೂ ಜೋರಾಗಿ ಅಣ್ಣಾ! ಸಾಹೇಬ್ರ ಮಟ್ಟಕ್ಕೆ ಬಂದಿಲ್ಲ.”