ಬಟ್ಟಲಲ್ಲಿ ಉಳಿದದ್ದು

...ಇಲ್ಲಕ್ಕಾ, ಕೂಗಾಡ್ಲಿಲ್ಲ. ಯಾರೂ ಕೂಗಾಡ್ಲಿಲ್ಲ. ಕೂಗಾಡಿದ್ರೆ ಎಷ್ಟೋ ವಾಸಿ ಇತ್ತು. ನಮ್ಮ ಕಮಿಟಿ ಅಧ್ಯಕ್ಷರು ಹಲ್ಲಿನ ಡಾಕ್ಟರಲ್ವಾ, ಹಲ್ಲು ಕೀಳೋ ಮುಂಚೆ ಮಾತಾಡಿಸ್ತಾರಲ್ಲ, ಥೇಟ್ ಹಾಗೇ ಮಾತಾಡಿದ್ರು. "ಪಾಸ್ಟರೇ, ಭಾನುವಾರ ನಮ್ಮ ಚರ್ಚಲ್ಲಿ ಪ್ರಸಂಗ ಮಾಡ್ತೀರಿ, ಶುಕ್ರವಾರ ಮಸೀದೀಲಿ ನಮಾಜು ಮಾಡ್ತೀರಿ. ಒಬ್ಬ ಪಾಸ್ಟರು ಎರಡೂ ಆಗಿರೋಕಾಗುತ್ತಾ? ಹೌದೋ ಅಲ್ವೋ, ಅಷ್ಟು ಹೇಳಿಬಿಡಿ." ನಾನು ಹೌದು ಅಂದೆ. ಈಗ ನಿನ್ನನ್ನ ಕರೀತಾರಂತೆ. ಆಚೆ ಹಾಲಲ್ಲಿ ಕೂತಿದ್ದಾರೆ, ಟೀ ಕುಡೀತಾ. ನೀನು ಇಸ್ತ್ರಿ ಮಾಡು, ನಿಲ್ಲಿಸ್ಬೇಡ. ನಾನು ಹೇಳ್ತೀನಿ, ನೀನು ಕೇಳಿಸ್ಕೊ.

ಯಾಕೆ ನಗ್ತೀಯ? ಓ... ಆ ಭಾನುವಾರದ್ದು ನೆನಪಾಯ್ತಾ! ಹೂಂ, ನಗು. ಕೊನೇ ಆಶೀರ್ವಾದ ಹೇಳಿ ಮುಗಿಸಿ, ನಮಾಜಿನ ಕೊನೇಲಿ ಸಲಾಮು ಹೇಳ್ತಾರಲ್ಲ, ಹಾಗೆ ಕತ್ತನ್ನ ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುಗಿಸಿಬಿಟ್ಟೆ. ಬಲಗಡೆ ಹಾಡೋ ಹೆಂಗಸರು ತಮಗೇ ಸನ್ನೆ ಮಾಡ್ದೆ ಅಂದ್ಕೊಂಡು ಎದ್ದು ನಿಂತು ಇನ್ನೊಂದು ಹಾಡು ಶುರು ಹಚ್ಕೊಂಡ್ರು! ಜನ ಮನೆಗೆ ಹೊರಟೋರು ಮತ್ತೆ ಕೂತ್ಕೊಂಡ್ರು... ನನಗೂ ನಗು ಬರ್ಬೇಕಿತ್ತು ಅವತ್ತು. ಬರ್ಲಿಲ್ಲ. ಕತ್ತು ಅದರ ಪಾಡಿಗೆ ಅದು ತಿರುಗಿತ್ತು, ಅಷ್ಟೆ.

ಇಮಾಮ್ ಸಾಹೇಬರೂ ಕೇಳಿದ್ರು, ಗೊತ್ತಾ? ಆ ಮನುಷ್ಯ ಬಹಳ ಒಳ್ಳೇವ್ರು. ಚಪ್ಪಲಿ ಬಿಡೋ ಜಾಗದಲ್ಲಿ ಪಕ್ಕ ಕೂರಿಸ್ಕೊಂಡು ಹೇಳಿದ್ರು: "ಯೇಸುವನ್ನ ನಾವೂ ತಲೆ ಮೇಲೆ ಇಟ್ಕೊಂಡಿದ್ದೀವಿ. ಆದ್ರೆ ದೇವರ ಮಗ ಅನ್ನಲ್ಲ. ನೀವು ಭಾನುವಾರ ದೇವರ ಮಗ ಅಂತ ಸಾರ್ತೀರಿ, ಶುಕ್ರವಾರ ದೇವರಿಗೆ ಮಕ್ಕಳಿಲ್ಲ ಅಂತ ನಮ್ಮ ಸಾಲಲ್ಲಿ ನಿಲ್ತೀರಿ. ಎರಡರಲ್ಲಿ ಯಾವ ದಿನ ಸುಳ್ಳು ಹೇಳ್ತಿದ್ದೀರಿ?" ಅಂತ. ಕೋಪ ಇಲ್ಲ ಏನಿಲ್ಲ. ಕೇಳಿದ್ರು, ಅಷ್ಟೆ.

ಏನಂದ್ನಾ? ಅಂದೆ ಏನೋ. ಒಂದೇ ಮನೆಗೆ ಎರಡು ಬಾಗಿಲು, ಹಾಗೆ ಹೀಗೆ... ಪ್ರಸಂಗ ಮಾಡಿ ಮಾಡಿ ಬಾಯಿಗೆ ಬಂದಿರುತ್ತಲ್ಲ. ಅವರು ತಲೆ ಅಲ್ಲಾಡಿಸಿ ಎದ್ದು ಹೋದ್ರು. ಹೌದು ಅಂತಾನೋ ಇಲ್ಲ ಅಂತಾನೋ ತಿಳೀಲಿಲ್ಲ.

ಅದಿರ್ಲಿ. ಅದೆಲ್ಲ ಹೇಗೋ ಆಗುತ್ತೆ. ಈ ಕಮಿಟಿಯವರಿಗೆ ಗಂಟಲಲ್ಲಿ ಸಿಕ್ಕೊಂಡಿರೋದು ಬಟ್ಟಲು. ಪ್ರಭುಭೋಜನದಲ್ಲಿ ಎಲ್ರಿಗೂ ಕೊಟ್ಟಾದ್ಮೇಲೆ ಬಟ್ಟಲಲ್ಲಿ ಉಳಿದ ದ್ರಾಕ್ಷಾರಸನ ಪಾಸ್ಟರೇ ಕುಡಿದು ಖಾಲಿ ಮಾಡ್ಬೇಕಲ್ವಾ. ನಾನು ತುಟಿಗಿಟ್ಟು ಹಾಗೇ ಇಳಿಸ್ಬಿಟ್ಟೆ. ಕಮಿಟೀಲಿ ಒಬ್ಬ ಟೈಲರ್ ಇದ್ದಾನಲ್ಲ, ಅವನು ನೋಡ್ಬಿಟ್ಟ. ಅಳತೆ ಕಣ್ಣು ಅವನದು! ಕ್ರಿಸ್ತನ ರಕ್ತಕ್ಕೆ ಅವಮಾನ ಮಾಡ್ದ ಅಂತ ಊರೆಲ್ಲ ಡಂಗುರ ಸಾರಿದ. ಅವಮಾನ ಅಲ್ಲಪ್ಪಾ, ರಂಜಾನ್ ತಿಂಗಳು, ನಾನು ರೋಜಾ ಉಪವಾಸ ಇದ್ದೆ, ನೀರೂ ಮುಟ್ಟೋ ಹಾಗಿಲ್ಲ ಅಂತ ಹೇಳ್ದೆ. ಆಗ ಡಾಕ್ಟರು, "ಹಾಗಾದ್ರೆ ಅಕ್ಕನವರನ್ನ ಕೇಳೋಣ, ಮನೇಲಿ ಇರೋರು ಅವರೇ ಅಲ್ವಾ" ಅಂದ್ರು.

ಅಷ್ಟೇ ನೀನು ಹೇಳ್ಬೇಕಾದ್ದು. ಹೌದು, ನನ್ನ ತಮ್ಮ ಉಪವಾಸ ಇದ್ದ. ಕುಡೀದೇ ಇದ್ದದ್ದು ಭಕ್ತಿಗೆ, ತಿರಸ್ಕಾರಕ್ಕಲ್ಲ. ಮುಗೀತು. ಎರಡು ಮಾತು. ಆಮೇಲೆ ಕೆಲಸದಿಂದ ತೆಗೀತಾರೆ, ತೆಗೀಲಿ. ಎರಡನ್ನೂ ನಂಬ್ದ, ತಪ್ಪು ಮಾಡ್ದ ಅಂತಾರೆ. ಅಂದ್ಕೊಳ್ಳಿ. ಚರ್ಚಿನವರು ಕೊಟ್ಟ ಈ ಮನೆ ಬಿಡ್ಬೇಕಾಗುತ್ತೆ, ಗೊತ್ತು. ಎಲ್ಲಾದ್ರೂ ಇರೋಣ.

ಏನಕ್ಕಾ?

ಹೇಳ್ತೀಯ ತಾನೆ?

...ಇಸ್ತ್ರಿಪೆಟ್ಟಿಗೆ ಎತ್ತು. ಬಟ್ಟೆ ಸೀದ್ಹೋಗುತ್ತೆ. ಎತ್ತಕ್ಕಾ!

ಹಾಗೆ ನೋಡ್ಬೇಡ ನನ್ನ.

...ಹೂಂ. ತಿಂದಿದ್ದೆ. ಅವತ್ತು ಬೆಳಗ್ಗೆ ನೀನೇ ಬ್ರೆಡ್ ಸುಟ್ಟು ಕೊಟ್ಟೆ, ನಾನು ಇಲ್ಲೇ ಕೂತು ತಿಂದೆ. ಟೀನೂ ಕುಡಿದೆ, ಎರಡನೇ ಸಲ ಕೇಳಿ ಹಾಕಿಸ್ಕೊಂಡೆ. ನೀನು ಮರೆತಿರ್ತೀಯ ಅಂದ್ಕೊಂಡಿದ್ದೆ. ನೀನು ಎಲ್ಲಿ ಮರೀತೀಯ...

ಉಪವಾಸ ಒಂದು ದಿನವೂ ಮಾಡ್ಲಿಲ್ಲ ಅಕ್ಕಾ. ನಮಾಜಿನ ಸಾಲಲ್ಲಿ ನಿಲ್ತಿದ್ದೆ. ಪಕ್ಕದವ್ರು ಬಗ್ಗಿದ್ರೆ ಬಗ್ಗೋದು, ಎದ್ರೆ ಏಳೋದು. ಅವಳನ್ನ ಮಣ್ಣು ಮಾಡಿದ ದಿನ ವಾಕ್ಯ ಓದ್ದೋನು ನಾನೇ ಅಲ್ವಾ. ನನ್ನ ಹೆಂಡತಿಗೆ ನಾನೇ ಓದ್ದೆ, ಒಂದು ಅಕ್ಷರ ತಡವರಿಸ್ಲಿಲ್ಲ. ಎಲ್ರೂ ಎಂಥ ವಿಶ್ವಾಸ ಅಂದ್ರು. ನನಗೆ ಒಳಗೆ ಏನೂ ಕೇಳಿಸ್ಲಿಲ್ಲ. ಅವತ್ತಿಂದ ಚರ್ಚಲ್ಲಿ ಏನೂ ಇಲ್ಲ. ಮಸೀದಿಗೆ ಹೋದ್ರಾದ್ರೂ ಏನಾದ್ರೂ ಆಗುತ್ತೇನೋ ಅಂತ ಹೋದೆ. ಹಣೆ ನೆಲಕ್ಕಿಟ್ಟೆ. ಜಮಖಾನ ತಣ್ಣಗಿತ್ತು. ಅಷ್ಟೆ ಗೊತ್ತಾಗಿದ್ದು.

ಬಟ್ಟಲು ಯಾಕೆ ಇಳಿಸ್ದೆ ಅಂತೀಯಾ? ಇದು ನನ್ನ ರಕ್ತ ಅಂತ ಅಷ್ಟು ಜನಕ್ಕೆ ಹೇಳಿ ಹೇಳಿ ಕೊಟ್ಟೆ. ನನ್ನ ಸರದಿ ಬಂದಾಗ ಬರೀ ದ್ರಾಕ್ಷಿ ವಾಸನೆ ಬಂತು. ಇಳಿಸ್ಬಿಟ್ಟೆ.

ಅಳ್ಬೇಡ. ನೋಡು, ನನಗೆ ಅಳು ಬರ್ತಾ ಇದ್ಯಾ? ಇಲ್ವಲ್ಲ.

...ಕರೀತಿದ್ದಾರೆ. ಬಂದ್ಲು, ಬಂದ್ಲು, ಒಂದು ನಿಮಿಷ!

ಅಕ್ಕಾ, ನಿನ್ನ ದಮ್ಮಯ್ಯ. ಸುಳ್ಳು ಹೇಳೋಳಲ್ಲ ನೀನು, ಗೊತ್ತು. ಆದ್ರೂ ಉಪವಾಸ ಇದ್ದ ಅಂತಲೇ ಹೇಳು. ಎರಡು ನಂಬಿಕೆ ಇದೆ ಅಂದ್ರೆ ಹೊರಗೆ ಹಾಕ್ತಾರೆ. ಒಂದೂ ಉಳಿದಿಲ್ಲ ಅಂತ ಗೊತ್ತಾದ್ರೆ ಪಾಪ ಹೆಂಡತಿ ಸತ್ತೋನು ಅಂತ ಕನಿಕರ ಪಡ್ತಾರೆ, ಕೆಲಸದಲ್ಲಿ ಇಟ್ಕೊಂಡೇ ಬಿಡ್ತಾರೆ. ಬರೋ ಭಾನುವಾರ ಮತ್ತೆ ನಾನೇ ಹೋಗಿ ಅಲ್ಲಿ ನಿಲ್ಬೇಕಾಗುತ್ತೆ.