ಏಳನೆಯ ದೀಪ

ಮಳೆ ನಿಲ್ಲುವ ಲಕ್ಷಣವೇ ಇರಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ರಿಪೇರಿಗೆ ತಂದಿದ್ದ ದರ್ಜಿ ಹೆಂಗಸೂ ಹಾಲು ಹಾಕಲು ಹೊರಟಿದ್ದ ಹಾಲಿನವನೂ ಮೀಟರಜ್ಜನ ಅಂಗಡಿಯಲ್ಲಿ ಸಿಕ್ಕಿಬಿದ್ದಿದ್ದರು. ಕೊರಳಲ್ಲಿ ಸದಾ ವೋಲ್ಟ್ ಅಳೆಯುವ ಮೀಟರನ್ನು ತೂಗುಹಾಕಿಕೊಂಡಿರುತ್ತಿದ್ದ ಮುದುಕನಿಗೆ ಜನ ಇಟ್ಟ ಹೆಸರದು. ಹೊರಗೆ ಮಬ್ಬುಗತ್ತಲೆ. ಕೆರೆಯ ದಂಡೆಯ ಕಾಲುದಾರಿಯಲ್ಲಿ ಮೊಣಕಾಲೆತ್ತರದ ದೀಪಗಳು ಸಾಲಾಗಿ ಹೊತ್ತಿಕೊಂಡವು.

"ಎಷ್ಟು ಚೆಂದ ಕಾಣ್ತವೆ ಅಜ್ಜಾ, ಈ ಏಳು ದೀಪ," ಎಂದಳು ದರ್ಜಿ.

ಅಜ್ಜನ ಕೈಯ ಸ್ಕ್ರೂಡ್ರೈವರ್ ನಿಂತಿತು.

"ಏಳು ಅಂದ್ಯಾ?... ಸರಿ. ಕೂತ್ಕೋ ತಾಯಿ. ನೀನೂ ಕ್ಯಾನ್ ಕೆಳಗಿಡಪ್ಪಾ, ನಿನ್ನ ಹಾಲಿಗೆ ನೀನೇ ನೀರು ಬೆರೆಸ್ತೀಯ, ಮಳೆಗ್ಯಾಕೆ ಆ ಕೆಲಸ? ಹೇಳ್ತೀನಿ ಕೇಳಿ.

"ಈಗ ಅಂಗಡಿಯಾಗಿರೋ ಇದು ಆಗ ನಮ್ಮಕ್ಕನ ಮನೆ. ಪುಸ್ತಕಕ್ಕೆ ಬೈಂಡ್ ಹಾಕೋ ಕೆಲಸ ಅವಳದು, ಬರೋಷ್ಟರಲ್ಲಿ ಹೊತ್ತು ಮುಳುಗಿರೋದು. ಅವಳಿಗೋ ಇರುಳುಗುರುಡು... ಮಬ್ಬಾಯ್ತು ಅಂದ್ರೆ ದೀಪ ಬಿಟ್ಟು ಇನ್ನೇನೂ ಕಾಣ್ತಿರ್ಲಿಲ್ಲ. ಅದಕ್ಕೇ ರಸ್ತೆ ಬದಿಯ ಕರೆಂಟ್ ಪೆಟ್ಟಿಗೆಯಿಂದ ಈ ಮನೆ ತಿರುವಿನವರೆಗೆ ನಾನೇ ಏಳು ದೀಪ ಹಾಕಿಕೊಟ್ಟೆ. ಹನ್ನೆರಡು ವೋಲ್ಟ್, ಯಾರನ್ನೂ ಕೊಲ್ಲಲ್ಲ ಅಂತ ನಮ್ಮ ಕರೆಂಟ್ ಕೆಲಸದವರೆಲ್ಲ ಹೇಳೋ ಮಾತು. 'ಅಕ್ಕಾ, ಏಳನೇದನ್ನ ಮುಟ್ಟೋ ತನಕ ತಿರುಗಬೇಡ, ಮುಟ್ಟಿದ್ಮೇಲೆ ಎಡಕ್ಕೆ ತಿರುಗು, ಮನೆ ಬಾಗಿಲು' ಅಂತ ಪಾಠ ಹೇಳಿಕೊಟ್ಟವನೂ ನಾನೇ.

"ಒಂದು ಮಳೆಗಾಲ ಅಂದ್ಲು, 'ತಮ್ಮಾ, ಕೊನೇದು ಮಿಣುಕ್ತಿದೆ ಕಣೋ.' ಬಂದು ಮೀಟರು ಹಿಡಿದೆ. ಪೆಟ್ಟಿಗೆ ಹತ್ರ ಹನ್ನೆರಡು, ಆರನೇದರಲ್ಲಿ ಹನ್ನೊಂದು, ಏಳನೇದರಲ್ಲಿ ಬರೀ ಐದು. ಅಂದ್ರೇನು? ಆರಕ್ಕೂ ಏಳಕ್ಕೂ ನಡುವೆ ಮಣ್ಣೊಳಗಿನ ತಂತಿಯ ಜಾಯಿಂಟು ನೀರು ಕುಡಿದಿದೆ. ಅಗೆದೆ. ತಾಮ್ರ ಹಸಿರುಗಟ್ಟಿತ್ತು. ಕತ್ತರಿಸಿ, ಹೊಸದಾಗಿ ಸೇರಿಸಿ, ನೀರು ಇಳೀದಂಗೆ ಗ್ರೀಸ್ ತುಂಬಿದ ಮುಚ್ಚಳ ಹಾಕ್ಬೇಕು... ಬೇರೆಯವರ ತೋಟವಾಗಿದ್ರೆ ಹಾಕ್ತಿದ್ದೆ. ಅವತ್ತು ಚೀಲದಲ್ಲಿ ಮುಚ್ಚಳ ಇರ್ಲಿಲ್ಲ, ಕರೀ ಟೇಪ್ ಸುತ್ತಿದೆ. ದೀಪ ಹತ್ತಿತು. ಅಕ್ಕನ ಮನೆ ತಾನೇ, ನಾಳೆ ಮಾಡಿದ್ರಾಯ್ತು ಅಂದ್ಕೊಂಡೆ. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಸುಳ್ಳಲ್ಲ.

"ನಾಳೆ ನಾಳೆ ಅಂತ ಒಂಬತ್ತು ದಿನ ಹೋಯ್ತು. ಹತ್ತನೇ ಸಂಜೆ ಇಂಥದೇ ಮಳೆ. ಟೇಪಿನೊಳಗೆ ನೀರು ಸೇರಿ ಏಳನೇದು ಆರಿಹೋಯ್ತು. ಅವಳೇನು ಮಾಡ್ಬೇಕಿತ್ತು, ನೀವೇ ಹೇಳಿ? ಆರು ಎಣಿಸಿದ್ಲು. ಏಳನೇದು ಮುಟ್ಟೋ ತನಕ ತಿರುಗಬೇಡ ಅಂದಿದ್ನಲ್ಲ ತಮ್ಮ... ತಿರುಗಲಿಲ್ಲ. ತಿರುವು ದಾಟಿದ್ಮೇಲೆ ದಾರಿ ಕೆರೆಗಿಳಿಯುತ್ತೆ. ಕಾಲಿಗೆ ತಾಗಿದ್ದು ಮಳೆ ನೀರು ಅಂದ್ಕೊಂಡಿರ್ಬೇಕು. ಬೆಳಿಗ್ಗೆ ಸಿಕ್ಕಿದಾಗ ಬಲಗೈ ಮುಂದೆ ಚಾಚಿಕೊಂಡೇ ಇತ್ತು... ದೀಪ ಹುಡುಕ್ತಾ.

"ಏಳನೇದನ್ನ ಕಿತ್ತು ಕೆರೆಗೆಸೆದೆ, ತಂತಿ ಕತ್ತರಿಸಿದೆ. ಆಮೇಲಿನ ಮೊದಲ ಮಳೆಯಲ್ಲಿ ನೀರಿನ ನಡುವೆ ಅದು ಹತ್ತಿಕೊಂಡಿತು. ಓಡಿಹೋಗಿ ಸ್ವಿಚ್ ಆರಿಸಿದೆ. ಆರೂ ಆರಿದವು, ಅದೊಂದು ಆರಲಿಲ್ಲ. ಕತ್ತರಿಸಿದ ತಂತಿಗೆ ಮೀಟರು ಹಿಡಿದೆ. ಸೊನ್ನೆ ಇರ್ಬೇಕು ತಾನೇ?... ಹನ್ನೆರಡು.

"ಅವತ್ತಿಂದ ಪ್ರತಿ ಮಳೆಗೂ ಅದೇ ಗುಂಡಿ ಅಗೀತೀನಿ, ಗ್ರೀಸ್ ತುಂಬಿದ ಮುಚ್ಚಳ ಹಾಕ್ತೀನಿ. ಯಾರಿಗೆ, ಯಾವ ದೀಪಕ್ಕೆ? ನನಗೇ ಗೊತ್ತಿಲ್ಲ. ಬದುಕಿ ಸಾಕಾಗಿದೆ, ಕೈ ಮಾತ್ರ ಕೇಳಲ್ಲ. ಆ ದೀಪ ಮಾತ್ರ ವರ್ಷಕ್ಕೊಂದು ಹೆಜ್ಜೆ ದಡದ ಕಡೆ ಬರ್ತಿದೆ."

ಹಾಲಿನವನು ನಗಲು ನೋಡಿದ, ಆಗಲಿಲ್ಲ. ಮಳೆ ಸಣ್ಣಗಾಗಿತ್ತು. ಅಜ್ಜ ಮೀಟರನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟ.

"ಇಷ್ಟು ವರ್ಷ ಅದು ನನ್ನೊಬ್ಬನಿಗೇ ಕಾಣ್ತಿತ್ತು ತಾಯಿ. ನನ್ನ ಕಣ್ಣು ಈಗ ಮಂಜು. ನೋಡಿ ಹೇಳು, ಇನ್ನೂ ನೀರಲ್ಲೇ ಇದೆಯಾ?"

ದರ್ಜಿ ಬಾಗಿಲಿಗೆ ಹೋಗಿ ನೋಡಿದಳು. "ಇಲ್ಲ ಅಜ್ಜಾ. ತಿರುವಿನಲ್ಲೇ ಇದೆ."

"ಹಂಗಾದ್ರೆ ಮುಟ್ಟಿರ್ತಾಳೆ," ಎಂದ ಅಜ್ಜ. "ನೀವು ಹಿತ್ತಲ ಬಾಗಿಲಿಂದ ಹೊರಡಿ. ಮುಂದಿನ ಬಾಗಿಲು ತೆಗೆದೇ ಇರಲಿ... ಈಗ ಎಡಕ್ಕೆ ತಿರುಗ್ತಾಳೆ."